ಅಳಿಸಿದ ಮೆಸೇಜಿಗೆ ಇನ್ನೊಂದು ತುದಿ

ಪ್ರಶ್ನೆ: ನಮಸ್ಕಾರ ಅಣ್ಣಾ. ನಮ್ಮ ಯಜಮಾನರು ಕಳೆದ ಆಟಿಯಲ್ಲಿ ತೀರಿಕೊಂಡರು. ಕಾಸರಗೋಡು ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಸಂಜೆ ಬಸ್ಸು ಹತ್ತಿದ ಮೇಲೆ ನನಗೊಂದು ಮೆಸೇಜ್ ಹಾಕುವುದು ಅಭ್ಯಾಸ. ‘ಬಸ್ಸು ತಡ ಆತು’, ‘ಬಪ್ಪಗ ಹಾಲು ತತ್ತೆ’, ಅಷ್ಟೇ, ಇಂಗ್ಲಿಷ್ ಅಕ್ಷರದಲ್ಲಿ ಹವ್ಯಕ ಮಾತು. ಅವರದು ಕೀಪ್ಯಾಡ್ ಫೋನು, ನನ್ನದು ಮೂರು ವರ್ಷದ ಹಿಂದೆ ಮಗಳು ಕೊಟ್ಟ ಸ್ಮಾರ್ಟ್‌ಫೋನು. ರಾತ್ರಿ ನಿದ್ದೆ ಬಾರದಾಗ ಅವನ್ನು ಓದುತ್ತಿದ್ದೆ. ಒಂಬತ್ತು ದಿನದ ಹಿಂದೆ ಮೊಮ್ಮಗ ಆಟವಾಡುತ್ತಾ ಅಷ್ಟನ್ನೂ ಅಳಿಸಿಬಿಟ್ಟ. ಮಗುವಿಗೆ ಗದರಿಸಲು ಮನಸ್ಸು ಬರಲಿಲ್ಲ. ಅವು ತಿರುಗಿ ಸಿಗುವ ದಾರಿ ಉಂಟೇ?
— ಓದುಗರೊಬ್ಬರು, ನೀರ್ಚಾಲು

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಕುಳಿತು ಎರಡು ಸಲ ಓದಿದೆ. ಬದಿಯಡ್ಕದಲ್ಲಿ ಫೋನು ರಿಪೇರಿಗೆ ಕುಳಿತು ನನಗೆ ಹದಿನೆಂಟು ವರ್ಷ ಆಯಿತು. ಒಡೆದ ಡಿಸ್‌ಪ್ಲೇಗೆ ಬಂದವರು ಎಷ್ಟೋ ಮಂದಿ, ಅದನ್ನು ಬದಲಿಸಿದರೆ ಮುಗಿಯಿತು. ನಿಮ್ಮ ಹಾಗೆ ಬಂದವರ ಮುಖ ನೆನಪಿನಲ್ಲಿ ಉಳಿಯುತ್ತದೆ.

ಮೊದಲು ಇಷ್ಟು ಮಾಡಿ. ಇದನ್ನು ಓದಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈ-ಫೈ ಕೂಡ ಆಫ್ ಇರಲಿ. ಕರೆ ಮಾಡಲು ನಾಲ್ಕು ದಿನ ಮಗಳ ಫೋನು ಸಾಕು. ಕಾರಣ ಹೇಳುತ್ತೇನೆ. ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ ಉಂಡವರು ಎದ್ದು ಹೋದರೂ ಎಲೆ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆಯಲ್ಲ? ಮುಂದಿನ ಪಂಕ್ತಿಗೆ ಎಲೆ ಎತ್ತಿ, ನೆಲ ಒರೆಸಿ, ಹೊಸ ಎಲೆ ಹಾಕಿದ ಮೇಲೆ ಹಳೆಯ ಗುರುತು ಇಲ್ಲ. ಫೋನಿನಲ್ಲಿ ಮೆಸೇಜುಗಳೆಲ್ಲ ಒಂದೇ ಕಡತದಲ್ಲಿ ಸಾಲು ಸಾಲಾಗಿ ಕೂರುತ್ತವೆ. ಡಿಲೀಟ್ ಒತ್ತಿದಾಗ ‘ಈ ಜಾಗ ಖಾಲಿ’ ಎಂದು ಗುರುತು ಬೀಳುತ್ತದೆ. ಹೊಸ ಮೆಸೇಜು ಬಂದಂತೆ ಆ ಜಾಗ ತುಂಬುತ್ತದೆ. ಬ್ಯಾಂಕಿನದು, ಕರೆಂಟ್ ಬಿಲ್ಲಿನದು, ರೀಚಾರ್ಜಿನದು ಎಂದು ದಿನಕ್ಕೆ ಹತ್ತಾದರೂ ಬರುವ ಕಾಲ ಇದು. ಒಂಬತ್ತು ದಿನ ಕಡಿಮೆಯಲ್ಲ.

ಆದರೂ ನೋಡಬೇಕಾದ ಜಾಗಗಳಿವೆ. ಮೆಸೇಜ್ ಆ್ಯಪಿನ ಒಳಗೇ ಹುಡುಕಿ. ಗೂಗಲ್ ಮೆಸೇಜಸ್ ಆಗಿದ್ದರೆ ‘ಆರ್ಕೈವ್ಡ್’ ಎಂಬ ಮೂಲೆ ಉಂಟು. ಬೆರಳಿನಿಂದ ಬದಿಗೆ ಎಳೆದರೆ ಸಾಮಾನ್ಯವಾಗಿ ಮೆಸೇಜು ಅಳಿಯುವುದಿಲ್ಲ, ಅಲ್ಲಿಗೆ ಹೋಗಿ ಕೂರುತ್ತದೆ. ಆಡುವ ಮಗು ಎಳೆಯುವುದೇ ಹೆಚ್ಚು, ಹಾಗಾಗಿ ನನ್ನ ಮೊದಲ ಆಸೆ ಅಲ್ಲಿದೆ. ‘ಸ್ಪ್ಯಾಮ್’ ಎಂಬಲ್ಲಿಯೂ ಒಮ್ಮೆ ನೋಡಿ. ಸ್ಯಾಮ್‌ಸಂಗ್ ಫೋನಿನ ಸ್ವಂತ ಮೆಸೇಜ್ ಆ್ಯಪಾದರೆ ಮೂರು ಚುಕ್ಕೆ ಒತ್ತಿದಾಗ ಕಸದ ಬುಟ್ಟಿ ಕಾಣುತ್ತದೆ, ಅಳಿಸಿದ್ದು ಅದರಲ್ಲಿ 30 ದಿನ ಇರುತ್ತದೆ. ಐಫೋನಾದರೆ 2022ರಲ್ಲಿ ಬಂದ ಐಒಎಸ್ 16ರಿಂದ ಈಚೆಗೆ ‘ರೀಸೆಂಟ್ಲಿ ಡಿಲೀಟೆಡ್’ ಎಂಬಲ್ಲಿ ಸಿಗುತ್ತದೆ, ಅದಕ್ಕೂ 30 ದಿನದ ಲೆಕ್ಕವೇ, ಕೆಲವೊಮ್ಮೆ 40ರ ವರೆಗೆ. ನಿಮ್ಮದು ಒಂಬತ್ತೇ ದಿನ.

ಅಲ್ಲಿ ಇಲ್ಲದಿದ್ದರೆ ಬ್ಯಾಕಪ್, ಅಂದರೆ ಫೋನು ನಿಮ್ಮ ಗೂಗಲ್ ಖಾತೆಯಲ್ಲಿ ತೆಗೆದಿಡುವ ಪ್ರತಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಗೂಗಲ್, ಅದರೊಳಗೆ ಬ್ಯಾಕಪ್ ಎಂದು ಉಂಟು. ಎಸ್‌ಎಂಎಸ್ ಎಂಬ ಸಾಲಿನ ಎದುರು ಕೊನೆಯ ಬ್ಯಾಕಪ್ಪಿನ ದಿನ ಕಾಣಬೇಕು. ಆ ದಿನ ಮೊಮ್ಮಗ ಅಳಿಸುವುದಕ್ಕೆ ಮೊದಲಿನದಾದರೆ ನಿಮ್ಮ ಯಜಮಾನರ ಮೆಸೇಜು ಅದರಲ್ಲಿ ಇರುವ ಸಾಧ್ಯತೆ ಚೆನ್ನಾಗಿದೆ. ವೈ-ಫೈ ಆಫ್ ಮಾಡಲು ಹೇಳಿದ್ದು ಇದಕ್ಕೂ ಸೇರಿ: ರಾತ್ರಿ ಚಾರ್ಜಿಗೆ ಇಟ್ಟಾಗ ಫೋನು ತಾನೇ ಹೊಸ ಬ್ಯಾಕಪ್ ತೆಗೆದರೆ ಹಳೆಯದರ ಮೇಲೆ ಈಗಿನ ಖಾಲಿ ಸ್ಥಿತಿ ಕೂರುತ್ತದೆ. ಆ ಬ್ಯಾಕಪ್ಪನ್ನು ತಿರುಗಿ ಇಳಿಸುವುದು ಹೊಸ ಫೋನನ್ನು, ಅಥವಾ ರೀಸೆಟ್ ಮಾಡಿ ಎಲ್ಲವನ್ನೂ ಅಳಿಸಿದ ಫೋನನ್ನು ಮೊದಲ ಸಲ ತೆರೆಯುವಾಗ. ಅದಕ್ಕೆಂದು ನಿಮ್ಮ ಫೋನನ್ನು ರೀಸೆಟ್ ಮಾಡಲೇಬೇಡಿ, ಮಾಡಲು ಯಾರಿಗೂ ಬಿಡಬೇಡಿ. ಮನೆಯಲ್ಲಿ ಯಾರದ್ದಾದರೂ ಖಾಲಿ ಫೋನು ಇದ್ದರೆ ಅದರಲ್ಲಿ ನಿಮ್ಮ ಗೂಗಲ್ ಖಾತೆ ಹಾಕಿ ಇಳಿಸಿ ನೋಡಬಹುದು. ಅದರ ಆಂಡ್ರಾಯ್ಡ್ ನಿಮ್ಮ ಫೋನಿನದಕ್ಕಿಂತ ಹಳೆಯದಾಗಿರಬಾರದು.

ರೀಸೆಟ್ ಬೇಡ ಎಂದು ಇಷ್ಟು ಒತ್ತಿ ಹೇಳಲು ನನ್ನದೇ ತಪ್ಪೊಂದು ಕಾರಣ. ಅಂಗಡಿ ಹಾಕಿದ ಹೊಸದರಲ್ಲಿ ಮುಳ್ಳೇರಿಯ ಕಡೆಯ ತಾಯಿಯೊಬ್ಬರು ಮಗನ ಫೋನು ತಂದರು. ಹ್ಯಾಂಗ್ ಆಗುತ್ತದೆ ಎಂದಷ್ಟೇ ಹೇಳಿದರು. ನಾನು ಕೇಳದೆ ರೀಸೆಟ್ ಮಾಡಿ, ಸರಿಯಾಯಿತು ಎಂದು ಕೊಟ್ಟೆ. ಮಗ ಬೈಕ್ ಅಪಘಾತದಲ್ಲಿ ಹೋಗಿದ್ದ, ಅವರಿಗೆ ಬೇಕಿದ್ದುದು ಅವನ ಮೆಸೇಜುಗಳು ಎಂದು ಆಮೇಲೆ ತಿಳಿಯಿತು. ಅವರು ಒಂದು ಮಾತೂ ಬೈಯಲಿಲ್ಲ. ಅಂದಿನಿಂದ ಯಾವ ಫೋನು ಬಂದರೂ ‘ಒಳಗೆ ಬೇಕಾದ್ದು ಏನುಂಟು?’ ಎಂದು ಕೇಳಿ, ಪುಸ್ತಕದಲ್ಲಿ ಬರೆದ ಮೇಲೆಯೇ ಕೈ ಹಾಕುತ್ತೇನೆ.

ಇನ್ನು ‘ಕಂಪ್ಯೂಟರಿಗೆ ಹಾಕಿ ತೆಗೆದುಕೊಡುತ್ತೇವೆ’ ಎನ್ನುವವರ ವಿಷಯ. ಹಳೆಯ ಆಂಡ್ರಾಯ್ಡುಗಳಲ್ಲಿ ಅದು ಕೆಲವೊಮ್ಮೆ ಆಗುತ್ತಿತ್ತು, ನಾನೂ ಮಾಡಿದ್ದೇನೆ. ಆದರೆ 2019ರ ಆಂಡ್ರಾಯ್ಡ್ 10 ಹಾಕಿಕೊಂಡು ಹೊರಬಂದ ಫೋನುಗಳಿಂದ ಈಚೆಗೆ ಒಳಗಿನದ್ದೆಲ್ಲ ಗೂಢಲಿಪಿಯಲ್ಲೇ ಇರಬೇಕೆಂಬುದು ಕಡ್ಡಾಯ. ಮೆಸೇಜಿನ ಕಡತಕ್ಕೆ ಕೈ ಹಾಕಲು ರೂಟ್ ಮಾಡಬೇಕು, ಅಂದರೆ ಫೋನಿನ ಪೂರ್ತಿ ಅಧಿಕಾರ ಪಡೆಯಬೇಕು. ರೂಟ್ ಮಾಡಲು ಫೋನು ಆನ್ ಆಗುವಾಗ ಮೊದಲು ಓಡುವ ಬೂಟ್‌ಲೋಡರಿನ ಬೀಗ ತೆರೆಯಬೇಕು, ಅದನ್ನು ತೆರೆದರೆ ಫೋನು ತನ್ನನ್ನು ತಾನೇ ಪೂರ್ತಿ ಒರೆಸಿಕೊಳ್ಳುತ್ತದೆ. ನಿಮ್ಮದು ಮೂರು ವರ್ಷದ ಫೋನು. ಅದಕ್ಕೆ ಈ ದಾರಿ ಇಲ್ಲ. ಸಾವಿರಾರು ರೂಪಾಯಿ ಕೇಳಿದವರಿಗೆ ಕೊಡಬೇಡಿ.

ಈಗ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಒಂದು ಮೆಸೇಜಿಗೆ ಎರಡು ತುದಿ ಉಂಟು. ನಿಮ್ಮ ಫೋನಿಗೆ ಬಂದದ್ದು ಅವರ ಫೋನಿನಿಂದ ಹೊರಟದ್ದು. ಆ ಕೀಪ್ಯಾಡ್ ಫೋನು ಎಲ್ಲಿದೆ? ಕಪಾಟಿನಲ್ಲೋ, ಅವರ ಚೀಲದಲ್ಲೋ ಇದ್ದರೆ ಜೋಪಾನವಾಗಿ ತೆಗೆಯಿರಿ. ಕಳಿಸಿದ ಮೆಸೇಜನ್ನು ಉಳಿಸಿಕೊಳ್ಳುವ ಸೆಟ್ಟಿಂಗ್ ಆನ್ ಇದ್ದಿದ್ದರೆ ‘ಸೆಂಟ್’ ಎಂಬಲ್ಲಿ ಅವರು ನಿಮಗೆ ಬರೆದದ್ದು ಇರುತ್ತದೆ. ಅರ್ಧ ಬರೆದು ಕಳಿಸದೆ ಬಿಟ್ಟದ್ದು ‘ಡ್ರಾಫ್ಟ್’ನಲ್ಲಿ. ಇನ್‌ಬಾಕ್ಸಿನಲ್ಲಿ ನೀವು ಅವರಿಗೆ ಕೊಟ್ಟ ಉತ್ತರಗಳು, ಅವು ನಿಮ್ಮ ಫೋನಿನಿಂದ ಅಳಿದಿದ್ದರೂ ಅಲ್ಲಿ ಅಳಿದಿಲ್ಲ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದಿದ್ದರೂ ಮೆಸೇಜು ಹೋಗುವುದಿಲ್ಲ, ತಾರೀಕು-ಗಂಟೆ ಮಾತ್ರ ತಪ್ಪುತ್ತದೆ.

ಅವರ ಸಿಮ್ಮನ್ನೂ ಎಸೆಯಬೇಡಿ. 90 ದಿನ ಬಳಸದಿದ್ದರೆ ಕಂಪನಿ ನಂಬರನ್ನು ನಿಲ್ಲಿಸಬಹುದು, ಮುಂದೆ ಅದೇ ನಂಬರು ಬೇರೆಯವರಿಗೂ ಹೋಗಬಹುದು. ಹಾಗಾಗಿ ಆ ನಂಬರಿಗೆ ಏನನ್ನೂ ಕಳಿಸಿ ನೋಡಬೇಡಿ. ಆದರೆ ಆ ಚಿಪ್ಪಿನ ಒಳಗೆ ಬರೆದದ್ದು ಚಿಪ್ಪಿನದೇ, ಅದು ಕಂಪನಿಯ ಹತ್ತಿರ ಇಲ್ಲ. ಹಳೆಯ ಕೀಪ್ಯಾಡ್ ಫೋನುಗಳು ಮೆಸೇಜನ್ನು ಸಿಮ್ಮಿನಲ್ಲೇ ಇಡುವುದೂ ಇತ್ತು. ಹತ್ತರಿಂದ ಐವತ್ತು ಮೆಸೇಜಿನವರೆಗೆ ಜಾಗ, ಸಿಮ್ಮಿನಿಂದ ಸಿಮ್ಮಿಗೆ ಬೇರೆ. ಅಲ್ಲಿ ಅಳಿಸಿದಾಗ ಅನೇಕ ಫೋನುಗಳು ‘ಖಾಲಿ’ ಎಂಬ ಗುರುತನ್ನಷ್ಟೇ ಹಾಕುತ್ತವೆ, ಬರೆದದ್ದು ಇನ್ನೊಂದು ಬಂದು ಕೂರುವ ವರೆಗೆ ಇದ್ದೇ ಇರುತ್ತದೆ. ಸಿಮ್ ರೀಡರ್ ಎಂಬ ಚಿಕ್ಕ ಸಾಧನದಲ್ಲಿ ಅದನ್ನು ಓದಬಹುದು. ಇಂದಿನ ಸ್ಮಾರ್ಟ್‌ಫೋನಿಗಿಂತ ಆ ಹಳೆಯ ಚಿಪ್ಪಿನಲ್ಲೇ ನನಗೆ ನಂಬಿಕೆ ಹೆಚ್ಚು. ಮಗಳು ಸ್ಮಾರ್ಟ್‌ಫೋನು ಕೊಡುವ ಮೊದಲು ನಿಮ್ಮ ಕೈಯಲ್ಲಿ ಯಾವ ಫೋನಿತ್ತು? ಅದರ ಇನ್‌ಬಾಕ್ಸಿನಲ್ಲಿ ಇನ್ನೂ ಹಳೆಯವು ಸಿಕ್ಕಾವು.

ಸಿಕ್ಕಿದ್ದನ್ನು ಒಂದೊಂದಾಗಿ ತೆರೆದು, ಮಗಳ ಫೋನಿನಿಂದ ಆ ಪರದೆಯ ಫೋಟೋ ತೆಗೆಯಿರಿ. ಒಂದು ನೋಟ್‌ಪುಸ್ತಕದಲ್ಲಿ ಕೈಯಲ್ಲೂ ಬರೆದಿಡಿ. ಅವರು ಬರೆದ ಸ್ಪೆಲ್ಲಿಂಗನ್ನು ತಿದ್ದಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡ ಲಿಪಿಯಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ, ‘ನೀರ್ಚಾಲು’ ಎಂದು ಬರೆದರೆ 8 ಆಯಿತು. ಎಷ್ಟೋ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬರೀ ಚೌಕವಾಗಿ ಕಾಣುತ್ತಿತ್ತು. ನಮ್ಮೂರಿನ ಒಂದು ತಲೆಮಾರು ಹವ್ಯಕವನ್ನು, ತುಳುವನ್ನು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ತನ್ನ ಮನೆಮಾತು ನಡೆಸಿದ್ದು ಹೀಗೆ. ಅವರು ಹೇಗೆ ಬರೆದರೋ ಹಾಗೆಯೇ ಇರಲಿ.

ಪ್ರಶ್ನೆ: ಒಬ್ಬ ವ್ಯಾಪಾರಿಗೆ ಮೂರು ಕ್ವಿಂಟಾಲ್ ಚಾಲಿ ಅಡಿಕೆ ಕೊಟ್ಟಿದ್ದೆ. ಬಾಕಿ 62,000 ರೂಪಾಯಿ ವಿಷುವಿನ ಒಳಗೆ ಕೊಡುತ್ತೇನೆ ಎಂದು ಮೆಸೇಜ್ ಹಾಕಿದ್ದರು. ಈಗ ಹಾಗೆ ಹೇಳಿಯೇ ಇಲ್ಲ ಎನ್ನುತ್ತಾರೆ. ಆ ಮೆಸೇಜ್ ನನ್ನ ಕೈಯಿಂದ ಡಿಲೀಟ್ ಆಗಿದೆ. ಸಿಮ್ ಕಂಪನಿಯವರಲ್ಲಿ ಕೇಳಿದರೆ ಪ್ರತಿ ಸಿಗುತ್ತದೆಯೇ?
— ಕೃಷಿಕರು, ಪೆರ್ಲ

ಉತ್ತರ: ಸಿಗುವುದಿಲ್ಲ ಅಣ್ಣ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆಗೆ ಎಂಬ ವಿವರವನ್ನು ಕಂಪನಿಗಳು ಕನಿಷ್ಠ 2 ವರ್ಷ ಇಡಬೇಕು. ಮೆಸೇಜಿನ ಒಳಗೆ ಏನಿತ್ತು ಎಂಬುದರ ಪ್ರತಿ ಗ್ರಾಹಕನ ಕೈಗೆ ಬರುವುದಿಲ್ಲ. ಮೇಲೆ ಹೇಳಿದ ಆರ್ಕೈವ್, ಕಸದ ಬುಟ್ಟಿ, ಬ್ಯಾಕಪ್ ಮೂರನ್ನೂ ಇವತ್ತೇ ನೋಡಿ.

ಸಿಕ್ಕಿದರೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದು ಸಾಕೆಂದು ಫೋನನ್ನು ಮಾರಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೇಳುತ್ತಾರೆ. 2024ರ ಜುಲೈ 1ರ ಮೊದಲು ಅದೇ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಆಗಿತ್ತು. ಮೂಲ ಫೋನು ನಿಮ್ಮ ಕೈಯಲ್ಲಿ ಇದ್ದಷ್ಟು ಬಲ. ಸಿಗದಿದ್ದರೂ ಕೈಬಿಡಬೇಡಿ. ತೂಕದ ಚೀಟಿ, ಮೊದಲ ಕಂತು ಬ್ಯಾಂಕಿಗೆ ಬಂದಿದ್ದರೆ ಪಾಸ್‌ಬುಕ್ಕಿನ ಆ ಸಾಲು, ಅಡಿಕೆ ಹೊತ್ತ ಪಿಕಪ್ಪಿನವರ ಮಾತು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇವನ್ನು ಸೇರಿಸಿಕೊಂಡು ಒಬ್ಬ ವಕೀಲರನ್ನು ಕಾಣಿ. ಒಂದು ವರ್ಷ ಬೆಳೆದದ್ದರ ಬೆಲೆ ಅದು.

ಪ್ರಶ್ನೆ: ಅಣ್ಣಾ, ಅಳಿಸಿದ ಮೆಸೇಜ್ ತರುವ ಆ್ಯಪ್ ಎಂದು ವಾಟ್ಸ್ಆ್ಯಪಿನಲ್ಲಿ ಒಂದು ಬಂತು. ಹಾಕಿದೆ. ಎಲ್ಲದಕ್ಕೂ ‘ಅಲೌ’ ಒತ್ತಲು ಹೇಳಿತು, ಒತ್ತಿದೆ. ಏನೂ ಬರಲಿಲ್ಲ. ಗಂಡ ದುಬೈಯಿಂದ ಹಣ ಕಳಿಸುವ ಖಾತೆ ಇದೇ ನಂಬರಿಗೆ ಉಂಟು. ಹೆದರಿಕೆ ಆಗುತ್ತಿದೆ.
— ಓದುಗರೊಬ್ಬರು, ಉಪ್ಪಳ

ಉತ್ತರ: ತಂಗಿ, ಹೆದರಿಕೆ ಸರಿಯಾದದ್ದೇ. ಆ್ಯಪಿಗೆ ಮೆಸೇಜು ಓದಲು ಬಿಟ್ಟರೆ ನಿಮಗೆ ಬರುವ ಒಟಿಪಿಯನ್ನೂ ಅದು ಓದುತ್ತದೆ, ಬೇರೆಯವರಿಗೆ ಕಳಿಸಲೂಬಹುದು. ಈಗಲೇ ಡೇಟಾ, ವೈ-ಫೈ ಆಫ್ ಮಾಡಿ ಆ ಆ್ಯಪ್ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಸೆಟ್ಟಿಂಗ್ಸಿನಲ್ಲಿ ‘ಡಿವೈಸ್ ಅಡ್ಮಿನ್’, ‘ಆಕ್ಸೆಸಿಬಿಲಿಟಿ’ ಎರಡರಲ್ಲೂ ಅದರ ಹೆಸರನ್ನು ಆಫ್ ಮಾಡಿ ಮತ್ತೆ ಪ್ರಯತ್ನಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಿಸಿ. ಒಂದು ರೂಪಾಯಿ ಹೋಗಿದ್ದರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಳೆಗೆ ಇಡಬೇಡಿ, ಹಣ ಮುಂದಿನ ಖಾತೆಗೆ ಸಾಗುವ ಮೊದಲು ತಡೆಯಲು ಮೊದಲ ಕೆಲವು ಗಂಟೆಗಳೇ ಇರುವುದು. ನಿಮ್ಮ ಮೆಸೇಜು ಒಂದೂ ಅಳಿದಿರದಿದ್ದರೆ ಇನ್ನು ಮುಂದಕ್ಕೆ ಪ್ಲೇ ಸ್ಟೋರಿನ ‘ಎಸ್‌ಎಂಎಸ್ ಬ್ಯಾಕಪ್ ಆಂಡ್ ರಿಸ್ಟೋರ್’ ಹಾಕಿ ವಾರಕ್ಕೊಮ್ಮೆ ಪ್ರತಿ ತೆಗೆದಿಡಬಹುದು, ಅದು ಮೊದಲೇ ತೆಗೆದಿಟ್ಟದ್ದನ್ನು ಮಾತ್ರ ತರುತ್ತದೆ.

ನೀರ್ಚಾಲಿನ ಅಕ್ಕನಿಗೆ ಬರೆಯಲು ಮರೆತದ್ದು: ಯಜಮಾನರ ಫೋನಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಮೇಜಿನ ಮೇಲೆ ಇಟ್ಟು ನೋಡಿ. ಹೊಟ್ಟೆ ಉಬ್ಬಿ ಬುಗುರಿಯ ಹಾಗೆ ತಿರುಗಿದರೆ ಚಾರ್ಜಿಗೆ ಹಾಕಬೇಡಿ. ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ನನ್ನ ಅಂಗಡಿಯಲ್ಲಿ ಈಗಲೂ ಉಂಟು, ಸಪೂರ ಪಿನ್ನಿನ ಚಾರ್ಜರೂ ಉಂಟು. ಫೋನು, ಸಿಮ್ಮು ಎರಡನ್ನೂ ಒಂದು ಒಣ ಬಟ್ಟೆಯಲ್ಲಿ ಸುತ್ತಿ ತನ್ನಿ. ಭಾನುವಾರ ಮಧ್ಯಾಹ್ನದ ಮೇಲೆ ಗಿರಾಕಿಗಳು ಕಡಿಮೆ, ಕುಳಿತು ನಿಧಾನಕ್ಕೆ ನೋಡಬಹುದು.