ಹೊಸಬರು ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು 240 ಎಂಎಂ ಲಿಕ್ವಿಡ್ ಕೂಲರ್ ಒಳ್ಳೆಯದೇ, ಟವರ್ ಕೂಲರ್ ಸಾಕೇ?

ಕೂಲರ್ ಯಾವುದು ಅನ್ನುವುದು ಆಮೇಲಿನ ಮಾತು. ನೀವು ಬರೆದ ಪಟ್ಟಿ ಇದು: ರೈಜನ್ 5 5600 ಪ್ರೊಸೆಸರು, ಬಿ450 ಮದರ್‌ಬೋರ್ಡು, ಪ್ರೊಸೆಸರ್ ಜೊತೆ ಬಂದ ಸಣ್ಣ ಕೂಲರು, ರ‍್ಯಾಮ್ ಒಂದು ಸ್ಟಿಕ್, ಕೈಯಲ್ಲಿ ಏಳು ಸಾವಿರ, ಗೇಮಿಗಾಗಿ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗ ಮೀರಿ ಓಡಿಸಿ, 4.7 ಗಿಗಾಹರ್ಟ್ಸ್ ಮುಟ್ಟಿಸುವ ಆಸೆ, ಮೇಲಿಂದ ಕುಂಬಳೆಯ ಸೆಕೆ. ಪ್ರೊಸೆಸರಿನ ಹೆಸರೊಂದನ್ನು ಬದಲಿಸಿದರೆ ನಿಮ್ಮ ಪ್ರಶ್ನೆ ಪೂರ್ತಿ ನನ್ನದೇ.

ನನ್ನ ಹತ್ತಿರ ಇದ್ದದ್ದು ರೈಜನ್ 5 1600. 2017ರಲ್ಲಿ ಬಂದದ್ದು, ಆರು ಕೋರು, 65 ವಾಟ್, ಮೂಲ ವೇಗ 3.2, ಬೂಸ್ಟ್ 3.6. ನಾನು ಆಗ ಯಕ್ಷಗಾನದ ವಿಡಿಯೋ ಮಾಡಿ ಕೊಡುತ್ತಿದ್ದೆ. ನಮ್ಮ ಪೆರ್ಲ, ಬದಿಯಡ್ಕದ ಕಡೆ ಮಳೆಗಾಲ ಕಳೆದ ಮೇಲೆ ಆಟಕ್ಕೆ ಬರಗಾಲ ಇಲ್ಲ. ರಾತ್ರಿಯಿಡೀ ನಡೆದ ಆಟವನ್ನು ಎರಡು ಕ್ಯಾಮರಾದಲ್ಲಿ ಹಿಡಿದು, ಕತ್ತರಿಸಿ ಜೋಡಿಸಿ, ಸಂಜೆ ರೆಂಡರಿಗೆ (ಪೂರ್ತಿ ವಿಡಿಯೋ ಫೈಲ್ ತಯಾರಾಗಲು) ಹಾಕಿದರೆ ಬೆಳಿಗ್ಗೆ ಚಾ ಕುಡಿಯುವಾಗಲೂ ಅದು ಓಡುತ್ತಲೇ ಇರುತ್ತಿತ್ತು. ಆಟ ಆಡಿಸಿದವರು ಫೋನ್ ಮಾಡಿ "ವಿಡಿಯೋ ಎಂತಾಯ್ತು ಮಾರಾಯ್ರೆ?" ಅಂತ ಕೇಳುವುದು ಬೇರೆ. ರೈಜನ್ ಎಲ್ಲವೂ ಅನ್‌ಲಾಕ್ಡ್, ಬಿ350 ಬೋರ್ಡಿನಲ್ಲಿ ಓವರ್‌ಕ್ಲಾಕ್ ಆಗುತ್ತದೆ, ದುಡ್ಡಿಲ್ಲದೆ ವೇಗ ಸಿಗುತ್ತದೆ ಅಂತ ಓದಿದ ಮೇಲೆ ಸುಮ್ಮನಿರುವುದು ಹೇಗೆ? ಬಯಾಸ್‌ಗೆ ಹೋಗಿ (ಬೋರ್ಡಿನ ಸೆಟ್ಟಿಂಗ್ ಪುಟ ಅದು) ಮಲ್ಟಿಪ್ಲೈಯರ್ 39, ಅಂದರೆ 3.9 ಗಿಗಾಹರ್ಟ್ಸ್, ವೋಲ್ಟೇಜ್ 1.4 ಅಂತ ಕೂರಿಸಿದೆ.

ಜೊತೆಗೆ ಬಂದ ಕೂಲರಿನಲ್ಲಿ ಉಷ್ಣಾಂಶ 85 ದಾಟಿತು. ಹೆದರಿಕೆಯಾಯಿತು. ಮಂಗಳೂರಿಗೆ ಹೋಗಿ 240 ಎಂಎಂ ಲಿಕ್ವಿಡ್ ಕೂಲರ್ ತಂದೆ, ಪ್ರೊಸೆಸರಿನ ಬಿಸಿಯನ್ನು ನೀರಿನ ಮೂಲಕ ರೇಡಿಯೇಟರಿಗೆ ಒಯ್ಯುವಂಥದ್ದು. "ಇನ್ನು ನೀವು ಎಷ್ಟು ಬೇಕಾದರೂ ಏರಿಸಿ" ಅಂದರು ಅಂಗಡಿಯವರು. ಕೂರಿಸಿದ ಮೇಲೆ 65. ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿದ್ದೂ ಆಯಿತು.

ಆಮೇಲೆ ಒಂದು ವಿಚಿತ್ರ ಸುರುವಾಯಿತು. ರೆಂಡರ್ ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ, ಮತ್ತೆ ನಿಂತೇ ಹೋದಂತೆ ಆಗುತ್ತದೆ. ನೋಡಿದರೆ ವೇಗ 3.9ರಿಂದ ಸೀದಾ 0.55 ಗಿಗಾಹರ್ಟ್ಸಿಗೆ ಇಳಿದಿರುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಮೇಲೆ ಬರುತ್ತದೆ, ಮತ್ತೆ ಬೀಳುತ್ತದೆ. ಪ್ರೊಸೆಸರಿನ ಉಷ್ಣಾಂಶ ಮಾತ್ರ ಅದೇ 65, ಕೆಲವೊಮ್ಮೆ ಅದಕ್ಕೂ ಕಡಿಮೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಓವರ್‌ಕ್ಲಾಕ್ ಕಲಿಸುವ ವಿಡಿಯೋಗಳಲ್ಲಿ ಎಲ್ಲರ ಕಣ್ಣೂ ಪ್ರೊಸೆಸರಿನ ಉಷ್ಣಾಂಶದ ಮೇಲೆಯೇ. ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬ) ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಒಂದೂ ಚಿಲ್ಲರೆ ವೋಲ್ಟ್. ಇದನ್ನು ಇಳಿಸಿ ಕೊಡುವುದು ಪ್ರೊಸೆಸರ್ ಕೂರುವ ಸಾಕೆಟ್‌ನ ಎಡಬದಿಯಲ್ಲಿ, ಕೆಲವು ಬೋರ್ಡಿನಲ್ಲಿ ಮೇಲೆ ಕೂಡ, ಸಾಲಾಗಿ ಕೂತಿರುವ ಕಪ್ಪು ಚೌಕದ ಮಾಸ್ಫೆಟ್‌ಗಳು, ಅವುಗಳ ಪಕ್ಕದ ಕಾಯಿಲ್‌ಗಳು. ಒಟ್ಟು ವಿಆರ್‌ಎಂ ಅನ್ನುತ್ತಾರೆ. ಪ್ರೊಸೆಸರು 1.4 ವೋಲ್ಟಿನಲ್ಲಿ 100 ವಾಟ್ ಎಳೆದರೆ ಅದು 70 ಆಂಪಿಯರ್ ಆಯಿತು. ತೋಟಕ್ಕೆ ನೀರು ಹಾಯಿಸುವ ನಮ್ಮ ಪಂಪು ಕೂಡ ಅದರ ಹತ್ತಿರ ಸುಳಿಯುವುದಿಲ್ಲ! ಅಷ್ಟು ಕರೆಂಟು ಉಗುರಿನ ಗಾತ್ರದ ನಾಲ್ಕಾರು ಚಿಪ್ಪುಗಳ ಮೂಲಕ ಹೋಗಬೇಕು. ಹತ್ತು ಹದಿನೈದು ವಾಟ್ ಅಲ್ಲಿಯೇ ಬಿಸಿಯಾಗಿ ಹೋಗುತ್ತದೆ. ದುಬಾರಿ ಬೋರ್ಡಿನಲ್ಲಿ ಅದರ ಮೇಲೆ ದಪ್ಪ ಹೀಟ್‌ಸಿಂಕ್ ಕೂರಿಸಿರುತ್ತಾರೆ. ನನ್ನ ಬೋರ್ಡಿನಲ್ಲಿ ಅದು ಬೋಳಾಗಿತ್ತು. ಅದರ ಉಷ್ಣಾಂಶ ತೋರಿಸುವ ಸೆನ್ಸರ್ ಕೂಡ ಯಾವ ಸಾಫ್ಟ್‌ವೇರಿನಲ್ಲೂ ಕಾಣುತ್ತಿರಲಿಲ್ಲ.

ಹಾಗಾದರೆ ಹಳೆಯ ಕೂಲರಿನಲ್ಲಿ ಯಾಕೆ ತೊಂದರೆ ಬರಲಿಲ್ಲ? ಆ ಸಣ್ಣ ಕೂಲರಿನ ಫ್ಯಾನು ಗಾಳಿಯನ್ನು ಕೆಳಗೆ, ಬೋರ್ಡಿನ ಮೇಲೆಯೇ ಊದುತ್ತದೆ. ಪ್ರೊಸೆಸರಿನ ಬಿಸಿ ಎತ್ತಿಕೊಂಡ ಅದೇ ಗಾಳಿ ಸುತ್ತ ಹರಡಿ ವಿಆರ್‌ಎಂ ಮೇಲೆ ಹಾದುಹೋಗುತ್ತದೆ. ಬಿಸಿ ಗಾಳಿಯೇ ಆಗಲಿ, ನೂರು ಡಿಗ್ರಿಯ ಚಿಪ್ಪಿಗೆ ಅದೂ ತಂಪೇ. ಲಿಕ್ವಿಡ್ ಕೂಲರ್ ಹಾಕಿದಾಗ ಸಾಕೆಟ್ ಮೇಲೆ ಉಳಿಯುವುದು ಪಂಪಿನ ಬಿಲ್ಲೆ ಮಾತ್ರ. ಫ್ಯಾನುಗಳೆಲ್ಲ ದೂರದ ರೇಡಿಯೇಟರಿನಲ್ಲಿ. ಸಾಕೆಟ್ ಸುತ್ತ ಗಾಳಿಯೇ ಇಲ್ಲ. ಅಂದರೆ ಎರಡು ಕೆಲಸ ಮಾಡುತ್ತಿದ್ದ ಪುಕ್ಕಟೆ ಕೂಲರನ್ನು ತೆಗೆದು, ಒಂದೇ ಕೆಲಸ ಮಾಡುವ ದುಬಾರಿ ಕೂಲರನ್ನು ಹಾಕಿದ್ದೆ. ಅದೂ ಯಾವಾಗ? ವಿಆರ್‌ಎಂ ಮೇಲೆ ಹೊರೆ ಹೆಚ್ಚಿಸಿದ ಹೊತ್ತಿನಲ್ಲೇ. ಬೋರ್ಡು ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ಕುತ್ತಿಗೆ ಹಿಚುಕುತ್ತಿತ್ತು.

ಸುಳಿವು ಕಣ್ಣೆದುರೇ ಇತ್ತು, ಅದು ಇನ್ನೂ ಬೇಜಾರು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ತಿರುಗಿಸಿ ಇಟ್ಟ ದಿನ ರೆಂಡರ್ ಒಮ್ಮೆಯೂ ನಿಲ್ಲಲಿಲ್ಲ. ನೆಟ್ಟಗಿನ ತಲೆ ಇದ್ದವ ಆಗಲೇ "ಓ, ಬೋರ್ಡಿಗೆ ಗಾಳಿ ಬೇಕು" ಅಂದುಕೊಳ್ಳುತ್ತಿದ್ದ. ನಾನು ಅಂದುಕೊಂಡದ್ದು ರೇಡಿಯೇಟರಿಗೆ ಗಾಳಿ ಸಾಲದು ಅಂತ. ಅದರ ಫ್ಯಾನಿನ ವೇಗ ಏರಿಸಿದೆ. ವೇಗ ಬೀಳುವುದು ವೋಲ್ಟೇಜ್ ಸಾಲದೆ ಇರಬೇಕು ಅಂತ ಅದನ್ನೂ ಇನ್ನಷ್ಟು ಏರಿಸಿದೆ. ಅದು ಆ ಚಿಪ್ಪುಗಳಿಗೆ ಮತ್ತೂ ಕಷ್ಟ ಅಂತ ಗೊತ್ತಿರಲಿಲ್ಲ.

ಎಪ್ರಿಲ್ ತಿಂಗಳು, ಮಾಡು ಕಾದು ರಾತ್ರಿ ಒಂಬತ್ತಕ್ಕೂ ಕೋಣೆಯಲ್ಲಿ ಕೂರಲಾಗದ ಸೆಕೆ. ನಾನು ಜಗಲಿಯಲ್ಲಿದ್ದೆ. "ಎಂತದೋ ವಯರು ಸುಟ್ಟ ವಾಸನೆ ಬರ್ತಾ ಉಂಟು, ನೋಡು" ಅಂತ ಅಮ್ಮ ಒಳಗಿನಿಂದ ಕರೆದರು. ಹೋಗಿ ನೋಡುವಾಗ ಪರದೆ ಕಪ್ಪು. ಬಟನ್ ಒತ್ತಿದರೆ ಫ್ಯಾನು ಕಾಲು ಸುತ್ತು ತಿರುಗಿ ನಿಲ್ಲುತ್ತಿತ್ತು. ಬೋರ್ಡು ಬಿಚ್ಚಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಒಂದು ಮಾಸ್ಫೆಟ್‌ನ ಮೈಯಲ್ಲಿ ಸಣ್ಣ ತೂತು, ಸುತ್ತ ಬೂದಿಬಣ್ಣದ ಕಲೆ. ಹಿಂದೆ ತಿರುಗಿಸಿದರೆ ಅದೇ ಜಾಗದಲ್ಲಿ ಬೋರ್ಡಿನ ಮೇಲ್ಪದರ ಗುಳ್ಳೆ ಎದ್ದು ಬೆರಳಿಗೆ ಸಿಗುತ್ತಿತ್ತು. ಕಾಸರಗೋಡಿನ ರಿಪೇರಿಯವರು ಮಲ್ಟಿಮೀಟರ್ ಇಟ್ಟು, ಶಾರ್ಟ್ ಆದದ್ದು ಕೆಳಬದಿಯ ಮಾಸ್ಫೆಟ್, ಹಾಗಾಗಿ ಎಸ್‌ಎಂಪಿಎಸ್ ತಾನೇ ಆಫ್ ಆಗಿ ಪ್ರೊಸೆಸರ್ ಉಳಿಯಿತು ಅಂದರು. ಮೇಲ್ಬದಿಯದ್ದು ಹೋಗಿದ್ದರೆ 12 ವೋಲ್ಟ್ ನೇರ ಪ್ರೊಸೆಸರಿಗೆ. ಬೋರ್ಡಿನ ವಾರಂಟಿ ಕೇಳಲು ನನಗೇ ಮುಖ ಇರಲಿಲ್ಲ.

ಇಷ್ಟಕ್ಕೂ ಗಳಿಸಿದ್ದೇನು? ಪ್ರೊಸೆಸರಿನ ಬಿಸಿ ಹೆಚ್ಚುಕಡಿಮೆ ವೇಗದ ಜೊತೆ ನೇರವಾಗಿ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎಲ್ಲ ಕೋರುಗಳಲ್ಲಿ 3.4 ಗಿಗಾಹರ್ಟ್ಸ್, 1.2 ವೋಲ್ಟ್ ಇದ್ದದ್ದನ್ನು 3.9ಕ್ಕೆ, 1.4ಕ್ಕೆ ಒಯ್ದರೆ ವೇಗ ಹೆಚ್ಚುವುದು ಶೇ. 15, ಬಿಸಿ ಹೆಚ್ಚುವುದು ಶೇ. 56. ಕರೆಂಟು ಶೇ. 34ರಷ್ಟು ಏರುವುದರಿಂದ, ಅದರ ವರ್ಗಕ್ಕೆ ತಕ್ಕಂತೆ ಮಾಸ್ಫೆಟ್‌ನ ರೋಧದಲ್ಲಿ ಹೋಗುವ ನಷ್ಟ ಏರುವುದು ಶೇ. 80ರ ಹತ್ತಿರ. ಹತ್ತು ಗಂಟೆಯ ರೆಂಡರ್ ಎಂಟು ಮುಕ್ಕಾಲು ಗಂಟೆಗೆ ಮುಗಿಯುತ್ತದೆ, ಅಷ್ಟೆ. ನಾನು ಹೇಗೂ ನಿದ್ದೆಯಲ್ಲಿ ಇರುತ್ತಿದ್ದೆ.

ಈಗ ನಿಮ್ಮ 4.7. ಅದನ್ನು ಬಿಟ್ಟುಬಿಡಿ ಅಂತಲೇ ನನ್ನ ಅಭಿಪ್ರಾಯ. ಓವರ್‌ಕ್ಲಾಕ್ ಅನ್ನುವುದಕ್ಕೆ ಒಂದು ಕಾಲ ಇತ್ತು. 1998ರ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರನ್ನು ಬೋರ್ಡಿನ ಬಸ್ ವೇಗ 66ರಿಂದ 100ಕ್ಕೆ ಬದಲಿಸಿದ ಮಾತ್ರಕ್ಕೆ 450 ಮೆಗಾಹರ್ಟ್ಸಿಗೆ ಓಡಿಸುತ್ತಿದ್ದರು, ಒಂದೂವರೆ ಪಟ್ಟು. 2011ರ ಐ5-2500ಕೆ 3.3ರಿಂದ ಸಾಧಾರಣ ಟವರ್ ಕೂಲರಿನಲ್ಲೇ 4.5ರ ಆಸುಪಾಸು ಹೋಗುತ್ತಿತ್ತು. ಆಗ ಕಂಪನಿಯವರು ಚಿಪ್ಪಿನಲ್ಲಿ ಅಷ್ಟು ಜಾಗ ಬಿಟ್ಟಿರುತ್ತಿದ್ದರು. ಈಗ ಬೂಸ್ಟ್ ಅಂತ ಹೆಸರಿಟ್ಟು ಆ ಜಾಗವನ್ನು ಅವರೇ ಬಳಸಿಕೊಂಡಿದ್ದಾರೆ. 2022ರಲ್ಲಿ ಬಂದ ನಿಮ್ಮ 5600 ತಾನಾಗಿ 4.4ಕ್ಕೆ ಹೋಗುತ್ತದೆ, ಉಷ್ಣಾಂಶ, ಕರೆಂಟು ನೋಡಿಕೊಂಡು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುತ್ತದೆ. ನೀವು ಮಲ್ಟಿಪ್ಲೈಯರ್ ಕೂರಿಸಿದ ಕೂಡಲೇ ಆ ಜಾಣತನ ಬಂದ್. ಎಲ್ಲ ಕೋರೂ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಎಲ್ಲ ಚಿಪ್ಪೂ 4.7 ಕೊಡುವುದೂ ಇಲ್ಲ.

ಅದರ ಬದಲು ಮಾಡಬೇಕಾದದ್ದು ವೋಲ್ಟೇಜ್ ಇಳಿಸುವುದು. ಬಯಾಸ್ ಹೊಸತಾಗಿದ್ದರೆ ಪಿಬಿಒ (ಬೂಸ್ಟಿನ ಮಿತಿಗಳನ್ನು ಸಡಿಲಿಸುವ ಸೆಟ್ಟಿಂಗ್) ಒಳಗೆ ಕರ್ವ್ ಆಪ್ಟಿಮೈಸರ್ ಅಂತ ಉಂಟು, ವೋಲ್ಟೇಜ್ ಇಳಿಸುವುದು ಅದರಲ್ಲೇ. ಎಲ್ಲ ಕೋರಿಗೂ ನೆಗೆಟಿವ್ 10 ಕೊಟ್ಟು ಕೆಲವು ದಿನ ಓಡಿಸಿ, ಸರಿ ಇದ್ದರೆ 15, 20. ಅದೇ ವೇಗಕ್ಕೆ ಕಡಿಮೆ ವೋಲ್ಟ್ ಸಾಕಾದಾಗ, ಉಳಿದ ಜಾಗದಲ್ಲಿ ಪ್ರೊಸೆಸರ್ ತಾನೇ ಹೆಚ್ಚು ಹೊತ್ತು ಬೂಸ್ಟಿನಲ್ಲಿ ನಿಲ್ಲುತ್ತದೆ. ಸಿನೆಬೆಂಚ್ ಅನ್ನುವ ಪರೀಕ್ಷೆ ದಾಟಿತು ಅಂತ ನಂಬಿ ಕೂರಬೇಡಿ. ಕರ್ವ್ ಜಾಸ್ತಿ ಇಳಿಸಿದ್ದು ಗೊತ್ತಾಗುವುದು ಭಾರದ ಕೆಲಸದಲ್ಲಿ ಅಲ್ಲ, ಸುಮ್ಮನೆ ಬ್ರೌಸರ್ ತೆರೆದಿಟ್ಟು ಊಟಕ್ಕೆ ಹೋದಾಗ ಮೆಷಿನ್ ರೀಸ್ಟಾರ್ಟ್ ಆಗಿರುವುದರಲ್ಲಿ. ಇನ್ನೊಂದು: ಪಿಬಿಒ ಕೂಡ ಎಎಂಡಿ ಲೆಕ್ಕದಲ್ಲಿ ಓವರ್‌ಕ್ಲಾಕೇ, ಅದರಿಂದ ಆದ ಹಾನಿಗೆ ವಾರಂಟಿ ಇಲ್ಲ.

ಕೂಲರ್ ಬೇಕೇ ಬೇಕು ಅಂದರೆ 120 ಎಂಎಂ ಫ್ಯಾನಿನ ಒಂದು ಟವರ್ (ಫಿನ್ನುಗಳನ್ನು ಗೋಪುರದಂತೆ ನಿಲ್ಲಿಸಿದ ಗಾಳಿಯ ಕೂಲರ್) ಸಾಕು, ಡೀಪ್‌ಕೂಲ್ ಎಕೆ400 ತರದ್ದು. 65 ವಾಟಿನ ಚಿಪ್ಪಿಗೆ 240ರ ರೇಡಿಯೇಟರ್ ಅನಾವಶ್ಯಕ. ಟವರ್ ಕೂಡ ಬೋರ್ಡಿಗೆ ಸಮಾನಾಂತರವಾಗಿಯೇ ಊದುತ್ತದೆ, ಆದರೆ ಸಾಕೆಟ್ ಪಕ್ಕದಲ್ಲಿ ಗಾಳಿಯಾದರೂ ಓಡಾಡುತ್ತಿರುತ್ತದೆ. ಅಂಥವು 155 ಮಿಲಿಮೀಟರ್ ಎತ್ತರ ಇರುತ್ತವೆ, ಕೊಳ್ಳುವ ಮೊದಲು ನಿಮ್ಮ ಕ್ಯಾಬಿನೆಟ್‌ನ ಅಗಲ ಅಳೆಯಿರಿ. ಉಳಿದ ದುಡ್ಡಿನಲ್ಲಿ ಹಿಂದಕ್ಕೊಂದು, ಮುಂದಕ್ಕೆರಡು ಫ್ಯಾನ್ ಹಾಕಿಸಿ. ಮುಂಬದಿಗೆ ಗಾಜು ಮುಚ್ಚಿದ ಕ್ಯಾಬಿನೆಟ್ ಆದರೆ ಅದನ್ನೇ ಬದಲಿಸುವುದು ಒಳ್ಳೆಯದು.

ವಿಮರ್ಶೆಗಳಲ್ಲಿ ಓದುವ ಅಂಕಿಗಳನ್ನು ನಮ್ಮ ಊರಿಗೆ ಹಾಗೇ ತರಬೇಡಿ. ಅವರು ಎಸಿ ಕೋಣೆಯಲ್ಲಿ 22-23 ಡಿಗ್ರಿಯಲ್ಲಿ ಅಳೆದಿರುತ್ತಾರೆ. ಕೋಣೆ 34 ಇದ್ದರೆ ಹೆಚ್ಚುಕಡಿಮೆ ಆ ವ್ಯತ್ಯಾಸದಷ್ಟೇ, ಅಂದರೆ ಹನ್ನೊಂದು ಹನ್ನೆರಡು ಡಿಗ್ರಿ, ಮೇಲೆ ಸೇರಿಸಿಕೊಳ್ಳಿ, ಗಾಳಿಯ ಕೂಲರಾಗಲಿ ನೀರಿನದ್ದಾಗಲಿ. ಎರಡಕ್ಕೂ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸುವ ಶಕ್ತಿ ಇಲ್ಲ. ಅಡಕೆ ಸುಲಿಯುವ ಮನೆಯಾದರೆ ಆ ಸಿಪ್ಪೆಯ ಧೂಳು ಫಿನ್ನುಗಳ ಮಧ್ಯೆ ಕೂತು ಕಂಬಳಿ ಹೊದಿಸಿಬಿಡುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ.

ಹಳೆ ಕೂಲರ್ ತೆಗೆಯುವಾಗ ಜಾಗ್ರತೆ. ತಣ್ಣಗಿರುವಾಗ ಸ್ಕ್ರೂ ಬಿಚ್ಚಿ ಮೇಲಕ್ಕೆ ಎಳೆದರೆ, ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುವುದುಂಟು, ಅದನ್ನು ಹಿಡಿದಿಡುವ ಲಿವರ್ ಹಾಕಿದ್ದರೂ. ನಿಮ್ಮ ಬೋರ್ಡಿನ ಎಎಂ4 ಮಾದರಿಯ ಸಾಕೆಟ್ಟಿನಲ್ಲಿ 1331 ಪಿನ್ನುಗಳೂ ಪ್ರೊಸೆಸರಿನ ಅಡಿಯಲ್ಲೇ ಇರುವುದು, ಒಂದು ಬಗ್ಗಿದರೂ ತಲೆನೋವು. ಹತ್ತು ನಿಮಿಷ ಯಾವುದಾದರೂ ಗೇಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಮೆಲ್ಲಗೆ ಆಚೆ ಈಚೆ ತಿರುಚಿ ಸಡಿಲಿಸಿದ ಮೇಲೆ ಎತ್ತಿ.

ಮತ್ತೆ ನೀವು ಕೊಟ್ಟ ಪಟ್ಟಿಯಲ್ಲಿ ರ‍್ಯಾಮ್ ಒಂದೇ ಸ್ಟಿಕ್, ಅದೂ 2666ರಲ್ಲಿ ಓಡುತ್ತಿದೆ. ಮಾರಾಯ್ರೆ, ಗೇಮಿಗೆ ವೇಗ ಬೇಕಾದರೆ ಕೈ ಹಾಕಬೇಕಾದದ್ದು ಅಲ್ಲಿಗೆ! ಅದೇ ತರದ ಇನ್ನೊಂದು ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವಂತೆ) ಮಾಡಿ, ಸ್ಟಿಕ್ 3200ರದ್ದಾದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ನೀವು ಓವರ್‌ಕ್ಲಾಕಿನಲ್ಲಿ ಹುಡುಕುತ್ತಿರುವುದಕ್ಕಿಂತ ಹೆಚ್ಚು ಅದರಲ್ಲೇ ಸಿಗುತ್ತದೆ.

ಸಾಕೆಟ್‌ನ ಎಡಬದಿಯ ಒಂದು ಫೋಟೋ, ಬೋರ್ಡಿನ ಪೂರ್ತಿ ಮಾದರಿ ಹೆಸರು ಕೆಳಗೆ ಹಾಕಿ. ಹೀಟ್‌ಸಿಂಕ್ ಇಲ್ಲದ ಬೋರ್ಡಾದರೆ ಪಿಬಿಒ ಮಿತಿಗಳನ್ನು ಮುಟ್ಟಬೇಡಿ, ಕರ್ವ್ ಮಾತ್ರ ಇಳಿಸಿ, ಕೂಲರನ್ನೂ ಹಾಗೇ ಇರಲು ಬಿಡಿ.