ವಾಟ್ಸಾಪ್ ಮೆಸೇಜನ್ನು ಸರ್ಕಾರ ಓದಬಹುದಾ?

ಎನ್‌ಕ್ರಿಪ್ಶನ್ (ಬೇರೆಯವರು ಓದದಂತೆ ಮೆಸೇಜಿಗೆ ಹಾಕುವ ಬೀಗ) ಇದ್ದರೂ ಸರ್ಕಾರ ವಾಟ್ಸಾಪ್ ಓದಬಹುದಾ, ಜನ ಯಾಕೆ ನಂಬುವುದಿಲ್ಲ ಅಂತ ಕೇಳಿದ್ದೀರಿ. ಕಾರವಾರದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಅರ್ಗಾದಲ್ಲಿ ನೌಕಾನೆಲೆ ಇದೆಯಲ್ಲ, ಹಾಗಾಗಿ "ನಮ್ ಫೋನೆಲ್ಲಾ ನೇವಿಯವರು ಕೇಳ್ತಾರಂತೆ" ಅನ್ನುವ ಗಿರಾಕಿಗಳಿಗೆ ಇಲ್ಲಿ ಬರವಿಲ್ಲ. ಯಾರು ಹೇಳಿದ್ದು ಅಂದರೆ ಉತ್ತರ ಇರುವುದಿಲ್ಲ.

ದಾರಿಯಲ್ಲಿ ಹೋಗುವ ಮೆಸೇಜನ್ನು ಯಾರೂ ಓದಲಾಗದು. ಅದನ್ನು ಬಿಚ್ಚುವ ಕೀಲಿ ಕಳಿಸಿದವರ, ಪಡೆದವರ ಫೋನಲ್ಲಿ ಮಾತ್ರ ಇರುತ್ತದೆ, ಕಂಪನಿ ಹತ್ತಿರವೂ ಇಲ್ಲ. ಸೋರುವುದು ಬೇರೆ ಕಡೆ. ಮೊನ್ನೆ ಬೋಟ್ ಮಾಲೀಕರೊಬ್ಬರು ಫೋನ್ ತಂದಿದ್ದರು. ಕವರ್ ಸಂದಿಯಲ್ಲಿ ಮೀನಿನ ಹುರುಪೆ ಒಣಗಿ ಅಂಟಿತ್ತು. ಚಾಟ್ ಬ್ಯಾಕಪ್, ಅಂದರೆ ಮೆಸೇಜುಗಳ ನಕಲು ಎತ್ತಿಡುವ ಸೆಟ್ಟಿಂಗ್, ತೆಗೆದು ನೋಡಿದರೆ, ಬಂಗಡೆ ದರದಿಂದ ಹಿಡಿದು ಸಾಲದ ಲೆಕ್ಕದವರೆಗೆ ಎಲ್ಲಾ ಗೂಗಲ್ ಡ್ರೈವ್‌ಗೆ ಹೋಗುತ್ತಿತ್ತು. ಬ್ಯಾಕಪ್‌ನ ಎನ್‌ಕ್ರಿಪ್ಶನ್ ಆಫ್!

ಇನ್ನು ಕಾನೂನು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಕಲಂ ಪ್ರಕಾರ, ಡೇಟಾ ಬಿಚ್ಚಿಕೊಡಿ ಅಂತ ಸರ್ಕಾರ ಆದೇಶ ಕೊಡಬಹುದು. ಸಹಕರಿಸದಿದ್ದರೆ 7 ವರ್ಷದವರೆಗೆ ಜೈಲು. ಆದೇಶಕ್ಕೆ ಸಹಿ ಹಾಕುವವರು ಗೃಹ ಕಾರ್ಯದರ್ಶಿ. ಅದು ಸರಿಯಾ ಅಂತ ನೋಡುವ ಸಮಿತಿಯಲ್ಲೂ ಅಧಿಕಾರಿಗಳೇ, ನ್ಯಾಯಾಧೀಶರು ಒಬ್ಬರೂ ಇಲ್ಲ. ನಿಮ್ಮದನ್ನು ನೋಡಿದರು ಅಂತ ನಿಮಗೆ ಯಾರೂ ತಿಳಿಸುವುದೂ ಇಲ್ಲ. ಜನರ ಅನುಮಾನ ಹುಟ್ಟುವುದೇ ಇಲ್ಲಿ. ಅದಕ್ಕೆ ಅವರನ್ನು ದೂರಿ ಪ್ರಯೋಜನ ಇಲ್ಲ.

ಸರ್ಕಾರದ ನಡೆಯೂ ಹಾಗೇ ಇದೆ ಅನ್ನಿ. 2015ರಲ್ಲಿ ಎನ್‌ಕ್ರಿಪ್ಶನ್ ನೀತಿಯ ಕರಡು ತಂದರು. ಕಳಿಸಿದ ಮೆಸೇಜನ್ನು ಮಾಮೂಲಿ ಓದುವ ರೂಪದಲ್ಲಿ 90 ದಿನ ಇಟ್ಟುಕೊಳ್ಳಬೇಕು ಅಂತ ಅದರಲ್ಲಿತ್ತು! ಗಲಾಟೆಯಾಗಿ ಕೆಲವೇ ದಿನದಲ್ಲಿ ವಾಪಸ್ ಪಡೆದರು. 2021ರ ಐಟಿ ನಿಯಮದಲ್ಲಿ, ಮೆಸೇಜನ್ನು ಮೊದಲು ಕಳಿಸಿದವರು ಯಾರು ಅಂತ ಕೇಳಿದಾಗ ಕಂಪನಿ ಹೇಳಲೇಬೇಕು ಅಂದರು. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಎನ್‌ಕ್ರಿಪ್ಶನ್ ಮುರಿಯಿರಿ ಅಂದರೆ ನಾವು ದೇಶ ಬಿಟ್ಟೇ ಹೋಗುತ್ತೇವೆ ಅಂತ 2024ರಲ್ಲಿ ಅಲ್ಲಿ ಅವರ ವಕೀಲರು ಹೇಳಿದರು.

ಪೊಲೀಸರ ಕಷ್ಟ ಸುಳ್ಳಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವದಂತಿ ವಾಟ್ಸಾಪಲ್ಲಿ ಹಬ್ಬಿ, ನಮ್ಮ ಬೀದರ್ ಜಿಲ್ಲೆಯಲ್ಲೇ ಜನ ಒಬ್ಬ ಎಂಜಿನಿಯರನ್ನು ಹೊಡೆದು ಸಾಯಿಸಿದರು. ಆದರೆ ವದಂತಿ ಮೊದಲು ಕಳಿಸಿದ ಒಬ್ಬನನ್ನು ಹುಡುಕಲು ಎಲ್ಲರ ಮೆಸೇಜಿಗೂ ಗುರುತು ಹಾಕಬೇಕಾಗುತ್ತದೆ, ಅಲ್ವಾ? ಅದು ನನಗೆ ಒಪ್ಪಿಗೆ ಇಲ್ಲ.

ಸದ್ಯಕ್ಕೆ ನಿಮ್ಮ ಕೈಲಿರುವುದು ಮಾಡಿ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿ. ಪಾಸ್‌ವರ್ಡ್ ಮರೆತು ನನ್ನ ಅಂಗಡಿಗೆ ಮಾತ್ರ ಬರಬೇಡಿ, ನನ್ನಿಂದಲೂ ತೆಗೆಯಲಾಗದು.