ಹಳೆಯ ಅನಿಮೆಗಳು ನಿಜವಾಗಿ ಚೆನ್ನಾಗಿವೆಯೇ, ಇಲ್ಲಾ ಅದು ಬರೀ ಬಾಲ್ಯದ ಮೋಹವೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಈಚಿನ ಅನಿಮೆಗಳನ್ನು, ಅಂದರೆ ಜಪಾನಿ ಕಾರ್ಟೂನುಗಳನ್ನು, ನೋಡಿ ಇಷ್ಟಪಟ್ಟವರು ನೀವು. ಯಾರೋ ಹೇಳಿದರೆಂದು 70ರ ದಶಕದ ಒಂದೆರಡು ಧಾರಾವಾಹಿ ಹಾಕಿದಿರಿ. ಚಿತ್ರ ಅಲುಗಾಡುವುದೇ ಇಲ್ಲ, ಕಥೆ ಮುಂದಕ್ಕೇ ಹೋಗುವುದಿಲ್ಲ ಅನ್ನಿಸಿ ಬಿಟ್ಟಿರಿ. ಇವನ್ನು ಹೊಗಳುವವರು ಆ ಧಾರಾವಾಹಿಗಳನ್ನು ಹೊಗಳುತ್ತಿದ್ದಾರೋ, ತಮ್ಮ ಬಾಲ್ಯವನ್ನು ಹೊಗಳಿಕೊಳ್ಳುತ್ತಿದ್ದಾರೋ ಎಂದು ಕೇಳಿದ್ದೀರಿ. ನೋಡುವುದಾದರೆ ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ.

ನನ್ನ ಮಟ್ಟಿಗೆ ಬಾಲ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಚಿಕ್ಕವನಿದ್ದಾಗ ನೋಡಿದ ಜಪಾನಿ ಕಾರ್ಟೂನು ಒಂದೇ, 90ರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿ. ಹಿಂದಿ ಬಾರದ ನಮ್ಮೂರ ಹುಡುಗರಿಗೂ ಅದರ ಹಾಡು ಬಾಯಿಪಾಠವಾಗಿತ್ತು. ಅದು ಜಪಾನಿನವರು 1989ರಲ್ಲಿ ಶುರು ಮಾಡಿದ 52 ಕಂತಿನ ಧಾರಾವಾಹಿ ಅನ್ನುವುದು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಉಳಿದದ್ದನ್ನೆಲ್ಲ ನೋಡಿದ್ದು ಆಮೇಲೆಯೇ, ರಾತ್ರಿ ಊಟ ಮುಗಿಸಿ, ದಿನಕ್ಕೊಂದು ಕಂತಿನ ಲೆಕ್ಕದಲ್ಲಿ. ಹಳೆಯ ನೆನಪು ಬಂದು ಕಣ್ಣಿಗೆ ಮಂಜು ಕವಿಯುವ ಪ್ರಶ್ನೆಯೇ ಇರಲಿಲ್ಲ.

ಚಿತ್ರ ಅಲುಗಾಡುವುದಿಲ್ಲ ಅನ್ನುವ ನಿಮ್ಮ ದೂರು ಸುಳ್ಳಲ್ಲ. 1963ರ ಜನವರಿ 1ರಂದು ಚಿತ್ರಕಥೆ ಕಲಾವಿದ ಒಸಾಮು ತೆಜುಕಾ ಅವರ 'ಆಟಮ್' (ಆಸ್ಟ್ರೋ ಬಾಯ್) ಟಿವಿಗೆ ಬಂತು. ವಾರ ವಾರ ಅರ್ಧ ಗಂಟೆಯ ಕಾರ್ಯಕ್ರಮ. ಆ ದುಡ್ಡಿನಲ್ಲಿ, ಆ ಜನರನ್ನು ಇಟ್ಟುಕೊಂಡು ಅಷ್ಟು ಚಿತ್ರ ಬರೆಯುವುದು ಆಗದ ಮಾತು. ಫಿಲ್ಮಿನಲ್ಲಿ ಸೆಕೆಂಡಿಗೆ 24 ಫ್ರೇಮು. ಅವರು ಒಂದೊಂದು ಚಿತ್ರವನ್ನು ಮೂರು ಮೂರು ಫ್ರೇಮು ಹಿಡಿದು, ಸೆಕೆಂಡಿಗೆ 8 ಚಿತ್ರದಲ್ಲಿ ಮುಗಿಸಿದರು. ಮುಖ ಒಂದು ಪಾರದರ್ಶಕ ಹಾಳೆಯ ಮೇಲೆ ನಿಶ್ಚಲವಾಗಿರುತ್ತದೆ, ಬಾಯಿ ಮಾತ್ರ ಇನ್ನೊಂದು ಹಾಳೆಯಲ್ಲಿ ಆಡುತ್ತದೆ. ಹಾರುವ, ಓಡುವ ಚಿತ್ರಗಳನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದರು. ಅದಕ್ಕೆ ಅವರು 'ಬ್ಯಾಂಕ್' ಅನ್ನುತ್ತಿದ್ದರು. ಟಿವಿ ಅನಿಮೆಗೆ ಆ ಅಭ್ಯಾಸ ಅಲ್ಲಿಂದಲೇ ಅಂಟಿಕೊಂಡಿತು.

ಆದರೆ ಕೈಯಲ್ಲಿ ಚಿತ್ರ ಕಡಿಮೆ ಇದ್ದಾಗ ಯಾವುದನ್ನು ಅಲುಗಾಡಿಸಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಅನ್ನುವುದನ್ನು ನಿರ್ದೇಶಕ ಒಂದೊಂದು ದೃಶ್ಯಕ್ಕೂ ಕೂತು ತೀರ್ಮಾನಿಸಬೇಕು. ಹಳೆಯ ಧಾರಾವಾಹಿಗಳಲ್ಲಿ ನನಗೆ ಹಿಡಿಸುವುದೇ ಆ ತೀರ್ಮಾನಗಳು. ದುಡ್ಡಿನಂತೆ ಎಣಿಸಿ ಖರ್ಚು ಮಾಡಿದ ಚಲನೆ ಅದು. ಎಲ್ಲಿ ಖರ್ಚು ಮಾಡಿದ್ದಾರೆ ಅಂತ ಗಮನಿಸಿದರೆ ಅವರಿಗೆ ಯಾವುದು ಮುಖ್ಯ ಅಂತ ಗೊತ್ತಾಗಿಬಿಡುತ್ತದೆ.

1974ರ 'ಆಲ್ಪ್ಸ್‌ನ ಹುಡುಗಿ ಹೈಡಿ' ತೆಗೆದುಕೊಳ್ಳಿ. ನಾನು ಅದನ್ನು ನೋಡಿದ್ದು ಅಮ್ಮನ ಜೊತೆ. ಮಂಡಿ ಆಪರೇಶನ್ ಆಗಿ ಅವಳು ತಿಂಗಳುಗಟ್ಟಲೆ ಹಾಲ್‌ನಲ್ಲೇ ಮಲಗಿರಬೇಕಾಗಿತ್ತು. ಜಪಾನಿ ಭಾಷೆ ಇಬ್ಬರಿಗೂ ಬಾರದು, ಇಂಗ್ಲಿಷ್ ಸಬ್‌ಟೈಟಲ್ ಅವಳಿಗೆ ಓದಲು ಆಗದು. ನಾನು ಆಗಾಗ ಅರ್ಥ ಹೇಳುತ್ತಿದ್ದೆ. ಮೊದಲ ಕಂತಿನ ಬಹುಪಾಲು ಒಂದು ಪುಟ್ಟ ಹುಡುಗಿ ಬೆಟ್ಟ ಹತ್ತುವುದರಲ್ಲೇ ಕಳೆಯುತ್ತದೆ. ಗಂಟು ಹೊರುವುದು ಬೇಡ ಅಂತ ಚಿಕ್ಕಮ್ಮ ಅವಳಿಗೆ ಇದ್ದಬದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ತೊಡಿಸಿ ಬೆಟ್ಟದ ಮೇಲಿನ ಅಜ್ಜನ ಮನೆಗೆ ಕರೆದುಕೊಂಡು ಹೋಗುತ್ತಿದ್ದಾಳೆ. ನಾನು ಇನ್ನೂ ಏನೂ ಹೇಳಿರಲಿಲ್ಲ, ಅಷ್ಟರಲ್ಲಿ ಅಮ್ಮ, 'ಆ ಮಗೂಗೆ ಸೆಕೆ ಆಗ್ತಿದೆ ಕಣೋ, ಯಾಕೆ ಅಷ್ಟು ಬಟ್ಟೆ ಹೊದಿಸಿದಾರೆ?' ಅಂದಳು. ಮಗು ಕಾಲೆಳೆಯುವ ರೀತಿ, ತೋಳು ದೇಹಕ್ಕೆ ಅಂಟದೆ ಸೆಟೆದುಕೊಂಡಿರುವುದು, ಕೆಂಪೇರಿದ ಕೆನ್ನೆ, ಇಷ್ಟರಲ್ಲೇ ಅವಳಿಗೆ ಎಲ್ಲ ತಿಳಿದಿತ್ತು. ಆಮೇಲೆ ಪೀಟರ್ ಮತ್ತು ಅವನ ಮೇಕೆಗಳನ್ನು ನೋಡಿದ ಹೈಡಿ ಒಂದೊಂದೇ ಬಟ್ಟೆ ಕಿತ್ತೆಸೆದು, ಒಳಂಗಿಯಲ್ಲಿ ಹುಲ್ಲಿನ ಮೇಲೆ ಓಡುತ್ತಾಳೆ. ಅಲ್ಲಿಯವರೆಗೆ ಕೂಡಿಟ್ಟ ಚಲನೆಯನ್ನೆಲ್ಲ ಅವರು ಆ ಓಟಕ್ಕೆ ಸುರಿದಿದ್ದಾರೆ. ಅಮ್ಮ ಹಾಸಿಗೆಯಲ್ಲೇ ನೆಮ್ಮದಿಯ ನಿಟ್ಟುಸಿರು ಬಿಟ್ಟಳು.

ಎರಡನೇ ಕಂತಿನಲ್ಲಿ ಅಜ್ಜ ಒಂದು ತುಂಡು ಚೀಸನ್ನು ಬೆಂಕಿಗೆ ಹಿಡಿಯುತ್ತಾನೆ. ಅಂಚು ಮೆತ್ತಗಾಗಿ, ಮೇಲ್ಮೈ ಹೊಳೆದು, ಬ್ರೆಡ್ಡಿನ ಮೇಲೆ ಇಳಿಯುತ್ತದೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಅಪ್ಪನ ಮನೆಯಲ್ಲಿ ಮದುವೆಯಾಗುವ ತನಕ ಹಸು ಕರೆದವಳು ನಮ್ಮಮ್ಮ. ಅಜ್ಜ ಮೇಕೆಯ ಹಾಲು ಕರೆಯುವುದನ್ನು ಹಿಂದಕ್ಕೆ ಹಾಕಿಸಿ ಇನ್ನೊಮ್ಮೆ ನೋಡಿದಳು.

ಕಥೆ ಮುಂದಕ್ಕೆ ಹೋಗುವುದಿಲ್ಲ ಅಂದಿರಲ್ಲ, ಅದಕ್ಕೆ ಉತ್ತರವೂ ಇಲ್ಲೇ ಇದೆ. ಹದಿನೈದಕ್ಕೂ ಹೆಚ್ಚು ಕಂತು ನಾವು ಬೆಟ್ಟದ ಮೇಲೇ ಇರುತ್ತೇವೆ. ಹುಲ್ಲಿನ ಹಾಸಿಗೆ, ಗಾಳಿಗೆ ಮೊರೆಯುವ ಮರಗಳು, ಹಿಮ ಬಿದ್ದಾಗ ಗುಡಿಸಲೊಳಗಿನ ದಿನಗಳು. ಆಮೇಲೆ ಹೈಡಿಯನ್ನು ಫ್ರಾಂಕ್‌ಫರ್ಟ್‌ಗೆ ಕರೆದೊಯ್ಯುತ್ತಾರೆ. ಬೆಟ್ಟ ಕಾಣಬಹುದೇನೋ ಅಂತ ಅವಳು ಚರ್ಚಿನ ಗೋಪುರ ಹತ್ತಿ ನೋಡಿದರೆ ಎಲ್ಲೆಲ್ಲೂ ಮನೆಗಳ ಮಾಡು. ಆ ಗಳಿಗೆಯಲ್ಲಿ ಅವಳಿಗಾಗುವ ಸಂಕಟ ನಮಗೂ ಆಗಬೇಕಾದರೆ ನಾವೂ ಅಷ್ಟು ದಿನ ಅಲ್ಲಿ ಇದ್ದಿರಬೇಕು. ಎರಡು ಕಂತಿನಲ್ಲಿ ಬೆಟ್ಟ ತೋರಿಸಿ ಮೂರನೆಯದರಲ್ಲಿ ಊರು ಬಿಡಿಸಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಇದರ ನಿರ್ದೇಶಕ ಇಸಾವೊ ತಾಕಾಹಾತಾ. ಅವರು ಸ್ವತಃ ಚಿತ್ರ ಬರೆಯುವವರಲ್ಲ. 52 ಕಂತುಗಳ ಉದ್ದಕ್ಕೂ ಪ್ರತಿ ದೃಶ್ಯದ ಲೇಔಟ್, ಅಂದರೆ ಯಾವ ಪಾತ್ರ ಎಲ್ಲಿ ನಿಲ್ಲಬೇಕು, ಹಿಂದೆ ಏನು ಕಾಣಬೇಕು ಅನ್ನುವ ರೇಖಾಚಿತ್ರ ಬರೆದವರು ಹಯಾವೊ ಮಿಯಾಜಾಕಿ. ಪಾತ್ರಗಳ ರೂಪ ಯೋಯಿಚಿ ಕೊತಾಬೆಯವರದ್ದು. ಮೂವರೂ 1973ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಊರು, ಬೆಟ್ಟ ನೋಡಿಕೊಂಡು ಬಂದಿದ್ದರು. ಟಿವಿ ಕಾರ್ಟೂನಿಗಾಗಿ ಅಷ್ಟು ದೂರ ಹೋಗಿ ನೋಡಿ ಬರುವುದು ಆ ಕಾಲಕ್ಕೆ ಅಪರೂಪ. ಅಂದಹಾಗೆ, ಹೈಡಿ ಮಾಡಿದ ಬಳಗದಿಂದಲೇ 1975ರಲ್ಲಿ ನಿಪ್ಪಾನ್ ಅನಿಮೇಶನ್ ಅನ್ನುವ ಸಂಸ್ಥೆ ಹುಟ್ಟಿತು. ನಮ್ಮ ಭಾನುವಾರದ ಮೋಗ್ಲಿಯನ್ನು ಮಾಡಿದ್ದು ಆ ಸಂಸ್ಥೆಯೇ. ಇದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೈಡಿಗೆ ಸ್ಟೋರಿಬೋರ್ಡ್, ಅಂದರೆ ದೃಶ್ಯಗಳನ್ನು ಸಾಲಾಗಿ ಯೋಜಿಸುವ ಚಿತ್ರಗಳನ್ನು, ಬರೆದವರಲ್ಲಿ ಯೋಶಿಯುಕಿ ತೊಮಿನೊ ಕೂಡ ಒಬ್ಬರು. 1979ರಲ್ಲಿ 'ಮೊಬೈಲ್ ಸೂಟ್ ಗುಂಡಮ್' ನಿರ್ದೇಶಿಸಿದವರು ಅವರೇ. ದೈತ್ಯ ಯಂತ್ರಮಾನವರ ಯುದ್ಧದ ಕಥೆಗೂ ಆಲ್ಪ್ಸ್ ಬೆಟ್ಟದ ಹುಡುಗಿಗೂ ಎತ್ತಣಿಂದೆತ್ತ ಸಂಬಂಧ ಅನ್ನಿಸಬಹುದು. ಮೊದಲ ಕಂತಿನಲ್ಲಿ ನಾಯಕ ಅಮುರೊ ನಮಗೆ ಕಾಣುವುದು ಒಳ ಉಡುಪಿನಲ್ಲಿ, ಊಟವನ್ನೂ ಮುಟ್ಟದೆ ಯಂತ್ರದ ಮುಂದೆ ಕೂತಿರುವ ಹುಡುಗನಾಗಿ. ಊರೆಲ್ಲ ಖಾಲಿಯಾಗುತ್ತಿರುವುದು ಅವನಿಗೆ ಗೊತ್ತೇ ಇಲ್ಲ, ಪಕ್ಕದ ಮನೆಯ ಫ್ರಾ ಬೌ ಬಂದು ಬೈದು ಎಬ್ಬಿಸುತ್ತಾಳೆ. ಯುದ್ಧಕ್ಕೆ ಮುಂಚೆ ಮನೆ, ಅನ್ನ, ಬೈಗುಳ. ಹೈಡಿಯಲ್ಲಿ ಚೀಸು ಕರಗಿಸಿದ ಕಣ್ಣೇ ಇದು ಅನ್ನುವುದು ನನ್ನ ನಂಬಿಕೆ.

ಗುಂಡಮ್‌ನಲ್ಲಿ ನಿಮಗೆ ಒಂದೇ ಒಂದು ಕಂತು ತೋರಿಸು ಅಂದರೆ 13ನೆಯದನ್ನು ತೋರಿಸುತ್ತೇನೆ. ಅಮುರೊ ಎಷ್ಟೋ ಕಾಲದ ಮೇಲೆ ತಾಯಿಯನ್ನು ನೋಡಲು ಬಂದಿದ್ದಾನೆ. ಅಲ್ಲಿಗೆ ಶತ್ರು ಸೈನಿಕರು ಬರುತ್ತಾರೆ, ಅವನು ಅವಳ ಕಣ್ಣೆದುರೇ ಗುಂಡು ಹಾರಿಸುತ್ತಾನೆ. ನನ್ನ ಮಗ ಹೀಗಿರಲಿಲ್ಲ ಅಂತ ಅವಳು ಕಂಗಾಲಾಗುತ್ತಾಳೆ. ಹಾರಿಸದಿದ್ದರೆ ತಾನು ಉಳಿಯುತ್ತಿರಲಿಲ್ಲ ಅನ್ನುವುದು ಅವನ ಸಂಕಟ. ಇಬ್ಬರದೂ ಸರಿ. ಕೊನೆಗೆ ಅವನು ಹೊರಡುವಾಗ ತಾಯಿಗೆ ಸಿಪಾಯಿಯಂತೆ ಸೆಲ್ಯೂಟ್ ಹೊಡೆಯುತ್ತಾನೆ. ಕಾಲಿಗೆ ಬೀಳಬೇಕಾದ ಮಗ ಸೆಲ್ಯೂಟ್ ಹೊಡೆದ ಹಾಗೆ ಕಂಡಿತು ನನಗೆ, ಆ ರಾತ್ರಿ ಮುಂದಿನ ಕಂತು ಹಾಕಲು ಮನಸ್ಸಾಗಲಿಲ್ಲ. ಈ ಧಾರಾವಾಹಿಗೆ ಮೊದಲ ಪ್ರಸಾರದಲ್ಲಿ ನೋಡುಗರು ಸಾಲದೆ, 52 ಕಂತು ಅಂತ ಹೊರಟದ್ದನ್ನು 43ಕ್ಕೆ ನಿಲ್ಲಿಸಿದರು. 1980ರಲ್ಲಿ ಬಂದಾಯ್ ಅನ್ನುವ ಆಟಿಕೆ ಕಂಪನಿಯಿಂದ ಆ ಯಂತ್ರಮಾನವರ ಪ್ಲಾಸ್ಟಿಕ್ ಮಾದರಿಗಳು ಬಂದು, 81-82ರಲ್ಲಿ ಇದನ್ನೇ ಮೂರು ಸಿನಿಮಾ ಮಾಡಿದ ಮೇಲೆ ಜಪಾನೆಲ್ಲ ಗುಂಡಮ್ ಗುಂಡಮ್ ಅನ್ನತೊಡಗಿತು.

ನಿಶ್ಚಲ ಚಿತ್ರವನ್ನೇ ಅಸ್ತ್ರ ಮಾಡಿಕೊಂಡ ಒಬ್ಬರನ್ನು ಹೇಳದೆ ಬಿಡಲಾರೆ, ಒಸಾಮು ದೆಜಾಕಿ. 'ರೋಸ್ ಆಫ್ ವರ್ಸೈ' 1979ರಲ್ಲಿ ಶುರುವಾಯಿತು, 40 ಕಂತು. ಫ್ರಾನ್ಸಿನ ಅರಮನೆಯಲ್ಲಿ ಗಂಡಿನಂತೆ ಬೆಳೆದು ಕಾವಲು ಪಡೆಯ ಅಧಿಕಾರಿಯಾದ ಆಸ್ಕರ್ ಅನ್ನುವ ಹೆಣ್ಣಿನ ಕಥೆ. ಕ್ರಾಂತಿ ಹತ್ತಿರವಾದಂತೆ ಅವಳು ಯಾರ ಪಕ್ಕ ನಿಲ್ಲುತ್ತಾಳೆ ಅನ್ನುವುದೇ ಅದರ ಜೀವ. 19ನೇ ಕಂತಿನಿಂದ ನಿರ್ದೇಶನ ದೆಜಾಕಿಯವರ ಕೈಗೆ ಬಂತು. ಭಾವ ಉಕ್ಕುವ ಗಳಿಗೆಯಲ್ಲಿ ಅವರು ಚಲನೆಯನ್ನು ತಟ್ಟನೆ ನಿಲ್ಲಿಸಿ, ಆ ಮುಖವನ್ನು ಒರಟು ಗೆರೆಗಳ ವರ್ಣಚಿತ್ರವಾಗಿಸಿಬಿಡುತ್ತಾರೆ. ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ ಕೂತ ಹಾಗಾಗುತ್ತದೆ. ಶುರುವಿನ ಕಂತುಗಳ ಮಿನುಗುವ ಕಣ್ಣು, ಹಾರುವ ಗುಲಾಬಿ ನೋಡಿ ಇದು ನನಗಲ್ಲ ಅಂತ ತೀರ್ಮಾನಿಸಬೇಡಿ.

ಹಳೆಯದೆಲ್ಲ ಚಿನ್ನ ಅಂತ ಮಾತ್ರ ನಾನು ಹೇಳುತ್ತಿಲ್ಲ. 1972ರ 'ಮಜಿಂಗರ್ ಝಡ್' ಇತಿಹಾಸಕ್ಕೆ ಮುಖ್ಯ. ಮನುಷ್ಯ ಒಳಗೆ ಕೂತು ಓಡಿಸುವ ದೈತ್ಯ ಯಂತ್ರಮಾನವ ಅನ್ನುವ ಕಲ್ಪನೆ ಮನೆಮನೆಗೆ ಮುಟ್ಟಿದ್ದು ಅದರಿಂದ. ಆದರೆ 92 ಕಂತಿನಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಹುಯ್ದವು, ನಾಲ್ಕೈದು ನೋಡಿದರೆ ಸಾಕು. ಫುಟ್‌ಬಾಲ್ ಕಥೆಯಾದ 'ಕ್ಯಾಪ್ಟನ್ ತ್ಸುಬಾಸಾ'ದಲ್ಲಿ ಮೈದಾನದ ಆ ಕಡೆಯಿಂದ ಈ ಕಡೆಗೆ ಓಡುವುದಕ್ಕೇ ಒಂದು ಯುಗ ಬೇಕು. ಅಲ್ಲಿ ನಿಧಾನ ಬರೀ ಕಾಲ ತಳ್ಳುವುದಕ್ಕೆ. 70ರ ದಶಕದ ಯಂತ್ರಮಾನವ ಧಾರಾವಾಹಿಗಳಲ್ಲಿ ಹುಡುಗಿಯರಿಗೆ ಅಳುವುದು, ಸಿಕ್ಕಿಹಾಕಿಕೊಳ್ಳುವುದು ಬಿಟ್ಟರೆ ಕೆಲಸವೇ ಕಡಿಮೆ, ಅದು ನನಗೆ ಈಗಲೂ ಕಸಿವಿಸಿ. ಬಾಹ್ಯಾಕಾಶ ಯುದ್ಧದ ಕಥೆ 'ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್' ನನಗೆ ಪ್ರಾಣ, ಆದರೆ 110 ಕಂತು, ನೂರಾರು ಹೆಸರು, ಉದ್ದುದ್ದ ರಾಜಕೀಯ ಚರ್ಚೆ. ಅದರಿಂದ ಶುರು ಮಾಡಿದರೆ ನೀವು ಈ ದಾರಿಗೇ ಮತ್ತೆ ಬರುವುದಿಲ್ಲ.

ಹಾಗಾದರೆ ಎಲ್ಲಿಂದ? ಈಚಿನ ವೇಗಕ್ಕೆ ಒಗ್ಗಿದವರಿಗೆ ನಾನು ಮೊದಲು ಕೊಡುವುದು 1978ರ 'ಫ್ಯೂಚರ್ ಬಾಯ್ ಕೋನನ್'. ಪತ್ತೇದಾರ ಕೋನನ್ ಬೇರೆ, ಇದು ಮಿಯಾಜಾಕಿಯವರು ನಿರ್ದೇಶಿಸಿದ ಟಿವಿ ಧಾರಾವಾಹಿ, 26 ಕಂತು. ಎತ್ತರದ ಗೋಪುರದಿಂದ ನಾಯಕ ಕೋನನ್ ತನ್ನ ಗೆಳತಿ ಲಾನಾಳನ್ನು ಎತ್ತಿಕೊಂಡು ಹಾರಿ ನೆಲಕ್ಕೆ ಕಾಲೂರುವ ಒಂದು ದೃಶ್ಯವಿದೆ. ಹಾರಾಟ ಕ್ಷಣದಲ್ಲಿ ಮುಗಿಯುತ್ತದೆ. ನೆಲ ಮುಟ್ಟಿದ ಮೇಲೆ ಪಾದದಿಂದ ನೆತ್ತಿಯವರೆಗೆ ಜುಮ್ಮೆಂದು ನೋವು ಏರುವುದಿದೆಯಲ್ಲ, ಅದನ್ನು ಅವರು ಬಿಡಿಸಿ ಬಿಡಿಸಿ ತೋರಿಸುತ್ತಾರೆ. ನನ್ನ ಕಾಲೂ ಮರಗಟ್ಟಿತ್ತು. ಇದು ಹಿಡಿಸಿದರೆ ಹೈಡಿಗೆ ಹೋಗಿ, ಅಲ್ಲಿಂದ ಗುಂಡಮ್‌ಗೆ. ಜಗಳ, ಯುದ್ಧ ಬೇಡ, ಬಾಡಿಗೆ ಮನೆಯ ಸಂಸಾರ ಸಾಕು ಅನ್ನುವವರಾದರೆ 1986ರ 'ಮೇಜೋನ್ ಇಕ್ಕೊಕು', 96 ಕಂತು. ಅದರಲ್ಲಿ ಪಾತ್ರಗಳಿಗೆ ನಿಜವಾಗಿ ವಯಸ್ಸಾಗುತ್ತದೆ.

ನೋಡುವ ಬಗೆಯ ಬಗ್ಗೆಯೂ ಒಂದು ಮಾತು ಕೇಳಿ. ಇವೆಲ್ಲ ಹಳೆಯ ಟಿವಿಯ ಹೆಚ್ಚುಕಡಿಮೆ ಚೌಕಾಕಾರಕ್ಕೆ ಮಾಡಿದವು. ಈಗಿನ ಅಗಲ ಪರದೆ ತುಂಬಲಿ ಅಂತ ಮೇಲೆ ಕೆಳಗೆ ಕತ್ತರಿಸಿದ ಆವೃತ್ತಿಗಳಿವೆ, ಅವು ಬೇಡ. ಬೆಟ್ಟದ ತುದಿ, ಮಗುವಿನ ಕಾಲು ಎರಡೂ ಹೋಗಿರುತ್ತವೆ. ಪಕ್ಕದ ಕಪ್ಪು ಪಟ್ಟಿ ಇರಲಿ ಬಿಡಿ. ವೇಗ ಹೆಚ್ಚಿಸಿಕೊಂಡು ನೋಡಬೇಡಿ. ಒಂದೇ ಸಲ ಕೂತು ಹತ್ತು ಕಂತೂ ಬೇಡ, ವಾರಕ್ಕೊಂದರಂತೆ ನೋಡಲಿ ಅಂತ ಮಾಡಿದ್ದು. ದಿನಕ್ಕೊಂದು ನೋಡಿದರೂ ಅದರ ಉಸಿರು ಸಿಗುತ್ತದೆ.

ಅಮ್ಮ ಈಗ ಎದ್ದು ಓಡಾಡುತ್ತಿದ್ದಾಳೆ. ಹೈಡಿ ಮುಗಿಸಿ, ತಾಕಾಹಾತಾ ಅವರದೇ 1976ರ 'ಮಾರ್ಕೊ' ಹಿಡಿದಿದ್ದಾಳೆ, ಇಟಲಿಯ ಜಿನೋವಾದಿಂದ ಅರ್ಜೆಂಟೀನಾಕ್ಕೆ ತಾಯಿಯನ್ನು ಹುಡುಕಿಕೊಂಡು ಹೊರಟ ಹುಡುಗನ ಕಥೆ. 52ರಲ್ಲಿ ನಿನ್ನೆ 30 ಮುಗಿಯಿತು. ಹುಡುಗನಿಗೆ ತಾಯಿ ಸಿಗುತ್ತಾಳೋ ಇಲ್ಲವೋ ಅಂತ ನಾನು ಬಾಯಿ ಬಿಡಕೂಡದು, ಅವಳ ಅಪ್ಪಣೆಯಾಗಿದೆ.